ಡಾಲಿಯ ಕಂಬಳಿ

ನಾಲ್ಕನೇ ವಾರ್ಡು, ಕಡಲ ದಂಡೆಯ ಆಸ್ಪತ್ರೆ
ಭಾನುವಾರ, 7 ಫೆಬ್ರವರಿ 1993

ಸಿರಿಲ್,

ಮದುವೆಯಾಗಿ ಮೂವತ್ತೊಂಬತ್ತು ವರ್ಷಕ್ಕೆ ನಿನಗೆ ಬರೆಯುತ್ತಿರುವ ಮೊದಲನೇ ಕಾಗದ ಇದು. ಇಷ್ಟು ವರ್ಷ ಅಡುಗೆಮನೆಯಿಂದ ಕೂಗಿದರೆ ಸಾಕಾಗುತ್ತಿತ್ತು. ಇಲ್ಲಿ ಫೋನು ಕಾರಿಡಾರಿನ ಆ ತುದಿಗಿದೆ, ನಾನು ಈ ತುದಿಗಿದ್ದೇನೆ. ಮನೆಯಲ್ಲಿ ಫೋನು ಬೇಡವೆಂದು ಹಟ ಹಿಡಿದವನು ನೀನೇ, ಈಗ ಅನುಭವಿಸು.

ಸೊಂಟದೊಳಗೆ ಹಾಕಿದ ಮೊಳೆ ಸರಿಯಾಗಿ ಕೂತಿದೆಯಂತೆ. ಇನ್ನು ನಡೆಯುವುದನ್ನು ಕಲಿಯಬೇಕು, ಒಂದು ವರ್ಷದ ಮಗುವಿನ ಹಾಗೆ. ಸಿಸ್ಟರ್ ಮ್ಯಾಕ್‌ಬ್ರೈಡ್ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: "ನೋಡಿ ಓಲಿವ್, ನಿಮ್ಮನೇಲಿ ಮಲಗೋದೂ ಮೇಲೆ, ಸ್ನಾನಾನೂ ಮೇಲೆ. ಹದಿನಾಲ್ಕು ಮೆಟ್ಲು ಹತ್ತಿ ಇಳಿದು ತೋರ್ಸಿ, ಮಾರನೇ ದಿನಾನೇ ಮನೆಗೆ ಕಳಿಸ್ತೀನಿ. ಆಗ್ಲಿಲ್ಲ ಅಂದ್ರೆ ವೃದ್ಧಾಶ್ರಮಕ್ಕೆ ಚೀಟಿ ಬರೀಬೇಕಾಗುತ್ತೆ." ಸದ್ಯಕ್ಕೆ ಎರಡು ಹತ್ತುತ್ತೇನೆ. ಎರಡನೆಯದರ ಮೇಲೆ ಕಣ್ಣು ಕತ್ತಲೆ ಬಂದಾಗ ಡಾಲಿಯನ್ನು ನೆನೆಸಿಕೊಳ್ಳುತ್ತೇನೆ. ನಾನು ಒಲೆಯ ಮುಂದೆ ಕೂತರೆ ಸಾಕು, ಬಂದು ನನ್ನ ಚಪ್ಪಲಿಯ ಮೇಲೇ ಗಲ್ಲ ಊರಿ ಮಲಗುತ್ತಾಳಲ್ಲ, ಅದನ್ನು. ಆಮೇಲೆ ಇನ್ನೊಂದು ಸಲ ಪ್ರಯತ್ನಿಸುತ್ತೇನೆ.

ಮೊಲಗಳ ಮುಂದೆ ಒಣಹುಲ್ಲು ಇಪ್ಪತ್ತನಾಲ್ಕು ಗಂಟೆಯೂ ಇರಬೇಕು. ಕ್ಯಾರೆಟ್ ಕೊಟ್ಟು ಮುದ್ದು ಮಾಡಬೇಡ. ಡಾಲಿ, ಮೇಜರ್ ಇಬ್ಬರಲ್ಲಿ ಯಾರಾದರೂ ಊಟ ಬಿಟ್ಟರೆ ನಾಳೆ ನೋಡೋಣ ಎನ್ನಬೇಡ, ಡಾಕ್ಟರ ಹತ್ತಿರ ಓಡು. ನಿಮ್ಮಮ್ಮ ಮೊಲದ ಮಾಂಸ ತುಂಬಿ ಕಡುಬು ಬೇಯಿಸುತ್ತಿದ್ದ ಕಥೆಯನ್ನು ಅವುಗಳ ಎದುರಿಗೆ ಹೇಳಬೇಡ ಮಾರಾಯ.

ಮುಂದಿನ ಭಾನುವಾರ ಬರುತ್ತೀಯಲ್ಲ?

ನಿನ್ನ
ಓಲಿವ್


ಶುಕ್ರವಾರ, 12 ಫೆಬ್ರವರಿ

ಮಿಸ್ ಕ್ಲೆಗ್ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ಪ್ರಾಣಿಗಳ ಡಾಕ್ಟರ ಗೋಡೆಯ ಮೇಲೆ ನಿಮ್ಮ ಚೀಟಿ ನೋಡಿದೆ: "ಒಂಟಿ ಮೊಲಗಳಿಗೆ ಜೋಡಿ ಹುಡುಕಿಕೊಡಲಾಗುವುದು. ಕಾಗದ ಬರೆಯಿರಿ. ಫೋನಿನ ತಂತಿಯನ್ನು ಮೊಲಗಳು ಕಡಿದಿವೆ."

ನಾನು ಸಿರಿಲ್ ಶಟಲ್‌ವರ್ತ್, ನಿವೃತ್ತ ಬಸ್ ಡ್ರೈವರ್. ಮೊಲಗಳು ನನ್ನ ಹೆಂಡತಿಯವು. ನನಗೂ ಅವಕ್ಕೂ ದೂರದ ನಮಸ್ಕಾರವಷ್ಟೇ ಇತ್ತು. ಅವಳು ಹಿತ್ತಲ ಮಂಜಿನಲ್ಲಿ ಜಾರಿ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಳೆ. ಮಂಗಳವಾರ ಬೆಳಿಗ್ಗೆ ಟೀ ಹಿಡಿದು ಕೆಳಗೆ ಬಂದರೆ ಡಾಲಿ ಸತ್ತಿತ್ತು. ಏಳು ವರ್ಷದ ಹೆಣ್ಣು, ಹಿಂದಿನ ಸಂಜೆ ಚೆನ್ನಾಗಿಯೇ ತಿಂದಿತ್ತು. ಹತ್ತು ನಿಮಿಷದೊಳಗೆ ಗೋಣಿಯಲ್ಲಿ ಸುತ್ತಿ, ರೈಲು ಹಳಿಯಾಚೆಯ ನಮ್ಮ ತರಕಾರಿ ತೋಟಕ್ಕೆ ಒಯ್ದು ಹೂತುಬಿಟ್ಟೆ. ಯಾರೂ ನೋಡಲಿಲ್ಲ.

ಅಂದಿನಿಂದ ಗಂಡು, ಮೇಜರ್ ಅಂತ ಅವನ ಹೆಸರು, ಸರಿಯಾಗಿ ತಿನ್ನುತ್ತಿಲ್ಲ. ಮನೆಯ ಮೂಲೆಮೂಲೆ ಸುತ್ತುತ್ತಾನೆ, ಮಂಚದಡಿ ನುಗ್ಗುತ್ತಾನೆ, ಹಿತ್ತಲ ಬಾಗಿಲ ಮುಂದೆ ಕೂತುಬಿಡುತ್ತಾನೆ. ಡಾಕ್ಟರು ಪಿಚಕಾರಿಯಲ್ಲಿ ಗಂಜಿ ಕುಡಿಸಲು ಕಲಿಸಿದ್ದಾರೆ, ಅರ್ಧ ನನ್ನ ಅಂಗಿಗೇ ಆಗುತ್ತಿದೆ. ಜೊತೆಯಿಲ್ಲದಿದ್ದರೆ ಇವನೂ ಉಳಿಯಲಾರ ಎಂದರು.

ಹೆಂಡತಿಗೆ ತಿಳಿಸಿಲ್ಲ. ತಿಳಿದರೆ ಅವಳು ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾಳೆ. ಆದ್ದರಿಂದ ನನಗೆ ಡಾಲಿಯ ಹಾಗೇ ಇರುವ ಹೆಣ್ಣು ಬೇಕು: ಕಪ್ಪು ಮೈ, ಕುತ್ತಿಗೆಗೆ ಬಿಳಿ ಪಟ್ಟಿ, ಹಣೆಗೆ ಬಿಳಿ ನಾಮ. ಹಿಂಗಾಲಿನ ಬಿಳುಪು ಹೆಚ್ಚುಕಮ್ಮಿಯಾದರೆ ಬೂಟ್ ಪಾಲಿಶ್ ಹಚ್ಚಬಹುದೇ, ತಿಳಿಸಿ.

ಇಂತಿ
ಸಿ. ಶಟಲ್‌ವರ್ತ್


ಸೋಮವಾರ, 15 ಫೆಬ್ರವರಿ

ಮಿಸ್ಟರ್ ಶಟಲ್‌ವರ್ತ್,

ಮೊಲಕ್ಕೆ ಪಾಲಿಶ್ ಹಚ್ಚಿದಿರೋ, ನಾನೇ ಬಂದು ಉಳಿದ ಡಬ್ಬಿಯನ್ನು ನಿಮ್ಮ ಮುಖಕ್ಕೆ ಬಳಿಯುತ್ತೇನೆ.

ಎಂಥ ಕೆಲಸ ಮಾಡಿದಿರಿ! ಸತ್ತವಳನ್ನು ಅವನಿಗೆ ತೋರಿಸಲೇ ಇಲ್ಲವೇ? ಜೋಡಿಯಲ್ಲಿ ಒಂದು ಸತ್ತರೆ ಉಳಿದದ್ದರ ಪಕ್ಕದಲ್ಲೇ ಎರಡು ಮೂರು ಗಂಟೆ ಮಲಗಿಸಬೇಕು. ಅದು ಮೂಸುತ್ತದೆ, ನೆಕ್ಕುತ್ತದೆ, ಒಮ್ಮೊಮ್ಮೆ ಮೇಲೆ ಹತ್ತಿ ಎಬ್ಬಿಸಲೂ ನೋಡುತ್ತದೆ. ಆಮೇಲೆ ತಾನಾಗಿಯೇ ದೂರ ಹೋಗಿ ಕೂರುತ್ತದೆ. ಅಷ್ಟಾದರೆ ಅದಕ್ಕೆ ಅರ್ಥವಾಯಿತು ಎಂದು ಲೆಕ್ಕ. ನಿಮ್ಮ ಮೇಜರ್‌ಗೆ ಅದಾಗಿಲ್ಲ. ಅವನ ಪಾಲಿಗೆ ಡಾಲಿ ಸತ್ತಿಲ್ಲ, ಎಲ್ಲೋ ಹೋಗಿದ್ದಾಳೆ. ಅದಕ್ಕೇ ಬಾಗಿಲು ಕಾಯುತ್ತಿದ್ದಾನೆ ಪಾಪ.

ನನ್ನ ಹತ್ತಿರ ಕಪ್ಪು ಬಿಳುಪಿನ ಒಬ್ಬಳಿದ್ದಾಳೆ, ಮೂರು ವರ್ಷ, ಮರಿಯಾಗದ ಹಾಗೆ ಆಪರೇಷನ್ ಆಗಿದೆ, ಮೂಗಿನ ತುದಿಯಲ್ಲಿ ಸಿಟ್ಟು. ಬುಧವಾರ ಮೇಜರ್‌ನನ್ನು ಕರೆತನ್ನಿ. ಆರಿಸುವುದು ಅವನ ಕೆಲಸ, ನಿಮ್ಮದಲ್ಲ. ಒಪ್ಪಿದರೆ ಮನೆಯಲ್ಲಿ ಅಕ್ಕಪಕ್ಕದ ಗೂಡಿನಲ್ಲಿಡಿ, ದಿನಾ ಗೂಡು ಅದಲುಬದಲು ಮಾಡಿ. ಹಳೆಯ ವಾಸನೆಯ ವಸ್ತುಗಳನ್ನೆಲ್ಲ ವಿನೆಗರ್ ಹಾಕಿ ತೊಳೆಯಿರಿ. ಆಮೇಲೆ ಇಬ್ಬರದೂ ಅಲ್ಲದ ಜಾಗದಲ್ಲಿ ಭೇಟಿ. ಸ್ನಾನದ ತೊಟ್ಟಿ ಒಳ್ಳೆಯದು, ಜಾರುವ ಜಾಗದಲ್ಲಿ ಯಾರೂ ಹೆಚ್ಚು ಮೆರೆಯುವುದಿಲ್ಲ. ಅಟ್ಟಾಡಿಸಿದರೆ, ಮೇಲೆ ಹತ್ತಿದರೆ ಹೆದರಿ ಬಿಡಿಸಬೇಡಿ. ರಕ್ತ ಬಂದರೆ ಮಾತ್ರ ಬಿಡಿಸಿ. ಒಮ್ಮೆ ಜೋಡಿಯಾದ ಮೇಲೆ ಒಬ್ಬರನ್ನೇ ಎಲ್ಲಿಗೂ ಒಯ್ಯಬೇಡಿ, ಡಾಕ್ಟರ ಹತ್ತಿರಕ್ಕೂ ಇಬ್ಬರೂ ಒಟ್ಟಿಗೇ ಹೋಗಬೇಕು.

ಹೆಂಡತಿಗೆ ಸುಳ್ಳು ಹೇಳುವ ವಿಷಯದಲ್ಲಿ ನನಗೆ ಅನುಭವವಿಲ್ಲ, ನಾನು ಮದುವೆಯಾಗಿಲ್ಲ.

ಎ. ಕ್ಲೆಗ್


ಭಾನುವಾರ, 21 ಫೆಬ್ರವರಿ

ಪ್ರೀತಿಯ ಓಲಿವ್,

ಈ ವಾರವೂ ಬರಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬೆಟ್ಟದ ರಸ್ತೆಯಲ್ಲಿ ಹಿಮ. ಅದೂ ಅಲ್ಲದೆ ನೆಗಡಿ ಬೇರೆ, ನಿನ್ನ ವಾರ್ಡಿಗೆಲ್ಲ ಅಂಟಿಸಿಬಿಟ್ಟರೆ ಸಿಸ್ಟರ್ ನನ್ನನ್ನು ಬಿಡುತ್ತಾಳೆಯೇ.

ಮೊಲಗಳು ಎರಡೂ ಚೆನ್ನಾಗಿವೆ. ಡಾಲಿ ಹೊಟ್ಟೆ ತುಂಬ ತಿನ್ನುತ್ತಿದ್ದಾಳೆ. ಮೇಜರ್ ಸ್ವಲ್ಪ ಮಂಕಾಗಿದ್ದ, ಈಗ ಪರವಾಗಿಲ್ಲ. ನನ್ನ ಬೆನ್ನೇ ಹೋಗಿದೆ. ದಿನಕ್ಕೆ ಎರಡು ಹೊತ್ತು ಸ್ನಾನದ ತೊಟ್ಟಿಯ ಅಂಚಿನಲ್ಲಿ ಕೂತು ಇವರಿಬ್ಬರನ್ನು ಕಾಯುವುದೆಂದರೆ ಹಳೆಯ ಬಸ್ಸಿನ ಸೀಟೇ ಸುಖ. ಮನೆಯೆಲ್ಲ ವಿನೆಗರ್ ವಾಸನೆ, ಕರಿದ ಮೀನಿಗೆ ವಿನೆಗರ್ ಚಿಮುಕಿಸಿ ಕೊಡುವ ಅಂಗಡಿಯ ಹಾಗೆ. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು, "ಏನ್ ಸಿರಿಲ್, ಹೆಂಡ್ತಿ ಇಲ್ದಾಗ ಮೀನಂಗಡಿ ಇಟ್ಕೊಂಡ್ಯಾ? ನಂಗೊಂದು ಪ್ಲೇಟ್ ಚಿಪ್ಸ್ ಕೊಡು" ಎಂದಳು.

ನೀನು ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಮೆಟ್ಟಿಲ ಕಡೆ ಗಮನ ಕೊಡು. ಎಷ್ಟಾಯಿತು?

ನಿನ್ನ
ಸಿರಿಲ್


ಗುರುವಾರ, 25 ಫೆಬ್ರವರಿ

ಸಿರಿಲ್,

ನಿನ್ನ ಕಾಗದ ಮಂಗಳವಾರ ಬಂತು. ಎರಡು ಸಲ ಓದಿದೆ.

ಮಂಗಳವಾರ ಮೆಟ್ಟಿಲು ಹತ್ತಲಿಲ್ಲ. ನಿನ್ನೆ ಒಂಬತ್ತು ಹತ್ತಿದೆ.

ಡಾಲಿಯ ವಿಷಯ ಇನ್ನು ಬರೆಯಬೇಡ. ಮೇಜರ್ ತಿನ್ನುತ್ತಿದ್ದಾನೆಯೇ, ಅದನ್ನಷ್ಟೇ ಬರೆ. ಮಂಕಾಗಿದ್ದ ಎಂದರೆ ಡಾಕ್ಟರು ಪಿಚಕಾರಿ ಕೊಟ್ಟಿರುತ್ತಾರೆ; ಅದರಲ್ಲಿ ಕುಡಿಸುವಾಗ ತಲೆ ಹಿಂದಕ್ಕೆ ಎತ್ತಬೇಡ, ಪಕ್ಕದ ಹಲ್ಲಿನ ಸಂದಿಯಿಂದ ಕೊಡಬೇಕು.

ಓಲಿವ್


ಸೋಮವಾರ, 1 ಮಾರ್ಚ್

ಮಿಸ್ ಕ್ಲೆಗ್ ಅವರಿಗೆ,

ಎಲ್ಲ ಕೆಟ್ಟಿತು. ನಿಮ್ಮಲ್ಲಿ ಅವಳ ಪಕ್ಕ ಎಷ್ಟು ಚೆನ್ನಾಗಿ ಕೂತಿದ್ದ! ತೊಟ್ಟಿಯಲ್ಲೂ ಒಂದು ವಾರ ಹೇಗೋ ನಡೆಯಿತು. ಅವನು ಈ ತುದಿ, ಅವಳು ಆ ತುದಿ, ನಡುವೆ ಒಂದೇ ಹುಲ್ಲಿನ ರಾಶಿ. ನಿನ್ನೆ ಮಾತ್ರ ಕೂದಲು ಹಾರಿತು. ಮೇಜರ್ ಅವಳ ಪಕ್ಕೆಗೆ ಬಾಯಿ ಹಾಕಿದ. ಬಿಡಿಸಲು ಹೋದ ನನ್ನ ಹೆಬ್ಬೆರಳಿಗೆ ಮೂರು ಹೊಲಿಗೆ.

ತಪ್ಪು ನನ್ನದೇ, ಹೇಳಿಬಿಡುತ್ತೇನೆ. ಎಲ್ಲವನ್ನೂ ವಿನೆಗರಿನಲ್ಲಿ ತೊಳೆದೆ, ಡಾಲಿಯ ಕಂಬಳಿಯೊಂದನ್ನು ಬಿಟ್ಟು. ಓಲಿವ್ ಹೆಣೆದ ಹಳದಿ ಕಂಬಳಿ, ಡಾಲಿ ಅದರ ಮೇಲೇ ಮಲಗುತ್ತಿತ್ತು. ನಿನ್ನೆ ಒಂದು ಉಪಾಯ ಹೊಳೆಯಿತು. ಆ ಕಂಬಳಿಯಿಂದ ಹೊಸಬಳ ಮೈಯನ್ನು ಚೆನ್ನಾಗಿ ಒರೆಸಿ ತೊಟ್ಟಿಗೆ ಇಳಿಸಿದೆ. ಡಾಲಿಯೇ ಬಂದಳು ಎಂದುಕೊಂಡರೆ ಬೇಗ ಕೂಡಿಕೊಳ್ಳುತ್ತಾನಲ್ಲ ಎಂದು. ಮಿಸ್ ಕ್ಲೆಗ್, ಅವನು ಓಡಿ ಬಂದದ್ದನ್ನು ನೀವು ನೋಡಬೇಕಿತ್ತು. ಮೂರು ವಾರದಿಂದ ಮಂಕಾಗಿದ್ದವನು ಗಾಳಿಯಲ್ಲಿ ಒಂದು ನೆಗೆತ ನೆಗೆದು ಬಂದ. ಮೂಗಿಗೆ ಮೂಗು ತಾಗಿಸಿದ. ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ಕಚ್ಚಿದ.

ಮರೆಸುವುದೇ ದಯೆ ಎಂದು ನಮ್ಮ ಕಾಲದಲ್ಲಿ ದೊಡ್ಡ ಡಾಕ್ಟರುಗಳೇ ಹೇಳುತ್ತಿದ್ದರು. ನಾನು ಅದನ್ನು ನಂಬಿದವನು. ಈಗ ಏನು ಮಾಡಲಿ?

ಸಿ. ಶಟಲ್‌ವರ್ತ್


ಗುರುವಾರ, 4 ಮಾರ್ಚ್

ಮಿಸ್ಟರ್ ಶಟಲ್‌ವರ್ತ್,

ಹೆಂಡತಿ ಸಾಲದೆಂದು ಮೊಲಕ್ಕೂ ಸುಳ್ಳು ಹೇಳಿದಿರಾ? ಅವನು ಹೊಸಬಳನ್ನು ಕಚ್ಚಿದ್ದಲ್ಲ, ನಿಮ್ಮ ಮೋಸವನ್ನು ಕಚ್ಚಿದ್ದು. ಹೊಸಬಳನ್ನು ಹೊಸಬಳಾಗಿಯೇ ಕಳಿಸಿದ್ದರೆ ಅವನು ಆಗಲೇ ಅರ್ಧ ಒಪ್ಪಿದ್ದ.

ಆ ಕಂಬಳಿಯನ್ನು ಮೇಜರ್‌ಗೆ ಒಂದು ದಿನ ಪೂರ್ತಿ ಕೊಡಿ, ಅವನೊಬ್ಬನಿಗೇ. ಮೈಯಿಲ್ಲದಿದ್ದರೆ ವಾಸನೆಯಾದರೂ ಇರಲಿ. ಸಾಕೆನಿಸಿದಾಗ ಬಿಟ್ಟು ಎದ್ದು ಹೋಗುತ್ತಾನೆ. ಆಮೇಲೆ ಕಂಬಳಿಯನ್ನು ಮನೆಯಿಂದಾಚೆ ಕಳಿಸಿ. ಗಾಯ ಒಣಗುವವರೆಗೆ ಇಬ್ಬರ ನಡುವೆ ತಂತಿ ಬಲೆ ಇರಲಿ. ಬಲೆಗೆ ಬೆನ್ನು ತಾಗಿಸಿ ಮಲಗಿದ ದಿನ ಮತ್ತೆ ತೊಟ್ಟಿ. ಅವಳನ್ನು ಡಾಲಿ ಎಂದು ಕರೆಯುವುದನ್ನು ಈ ಕ್ಷಣ ನಿಲ್ಲಿಸಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಹೆಂಡತಿ ಬಾಗಿಲು ಕಾಯುವ ಹಾಗೆ ಮಾಡಬೇಡಿ.

ಎ. ಕ್ಲೆಗ್


ಭಾನುವಾರ, 7 ಮಾರ್ಚ್

ಓಲಿವ್,

ಡಾಲಿ ಸತ್ತುಹೋದಳು. ಫೆಬ್ರವರಿ ಒಂಬತ್ತನೇ ತಾರೀಕು, ಮಂಗಳವಾರ ಬೆಳಿಗ್ಗೆ. ಒಲೆಯ ಮುಂದೆ ಕಾಲು ಚಾಚಿ ಮಲಗಿದ್ದಳು, ನಿನ್ನ ಚಪ್ಪಲಿ ಗಲ್ಲದಡಿ ಇತ್ತು. ನೋವಾದ ಗುರುತಿರಲಿಲ್ಲ. ನಮ್ಮ ತೋಟದ ಬೇಲಿಯ ಮೂಲೆಯಲ್ಲಿ ಹೂತಿದ್ದೇನೆ. ಮನೆಯಲ್ಲಿರುವುದು ಬೇರೆ ಮೊಲ. ನಿನಗೆ ಗೊತ್ತಾಗದಿರಲೆಂದು ಅದೇ ಬಣ್ಣದ್ದನ್ನು ತಂದೆ. ಹಿಮವೂ ಸುಳ್ಳು, ನೆಗಡಿಯೂ ಸುಳ್ಳು. ನಿನ್ನೆದುರು ಬಂದು ಕೂತರೆ ಎರಡು ನಿಮಿಷ ನನ್ನ ಮುಖ ತಡೆಯುತ್ತಿರಲಿಲ್ಲ, ಅದಕ್ಕೇ ಬರಲಿಲ್ಲ.

ನೀನು ನಡೆಯುವುದನ್ನು ನಿಲ್ಲಿಸುತ್ತೀಯೆಂದು ಹೆದರಿದೆ. ನೀನಿಲ್ಲದ ಈ ಮನೆಯಲ್ಲಿ ನಾನು ಏನು ಮಾಡಲಿ, ಹೇಳು.

ಮೇಜರ್ ಮೂರು ವಾರ ಹಿತ್ತಲ ಬಾಗಿಲು ಕಾದ. ಸತ್ತವಳನ್ನು ತೋರಿಸದೆ ಒಯ್ದಿರಿ, ಅದಕ್ಕೇ ಕಾಯುತ್ತಿದ್ದಾನೆ ಎಂದು ಮೊಲ ಸಾಕುವ ಮಿಸ್ ಕ್ಲೆಗ್ ಬೈದು ಬರೆದಳು. ಆ ಸಾಲು ಓದಿ ಟೀ ಆರಿಹೋಗುವವರೆಗೆ ಕೂತಿದ್ದೆ. ಐವತ್ತಾರರ ಜೂನಿನಲ್ಲೂ ನಾನು ಇದನ್ನೇ ಮಾಡಿದ್ದೆ, ಅಲ್ಲವೇ? ನಮ್ಮ ಮಗು ಉಸಿರಿಲ್ಲದೆ ಹುಟ್ಟಿದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: "ಅವರಿಗೆ ತೋರಿಸ್ಬೇಡಿ. ನೋಡ್ದಿದ್ರೆ ಬೇಗ ಮರೀತಾರೆ. ಇನ್ನೊಂದಾಗುತ್ತೆ." ನಾನು "ಆಯ್ತು ಡಾಕ್ಟ್ರೇ" ಎಂದೆ. ಇನ್ನೊಂದು ಆಗಲೇ ಇಲ್ಲ. ನಿನ್ನ ಮಂಚದ ಪಕ್ಕ ಬಂದು ಕೂತು, ಹೊರಗೆ ಬಿಸಿಲು ಚೆನ್ನಾಗಿದೆ ಎಂದೆ. ಆ ಮಾತಿಗೆ ನನ್ನನ್ನು ನಾನು ಯಾವತ್ತೂ ಕ್ಷಮಿಸಿಲ್ಲ.

ಬೈಯುವುದಿದ್ದರೆ ಬೈ. ಸುಮ್ಮನಿರಬೇಡ.

ಸಿರಿಲ್


ಗುರುವಾರ, 11 ಮಾರ್ಚ್

ಸಿರಿಲ್,

ದಡ್ಡ ಕಣಯ್ಯಾ ನೀನು. ಸ್ನಾನದ ತೊಟ್ಟಿ ಎಂದು ಬರೆದೆಯಲ್ಲ, ಅವತ್ತೇ ಗೊತ್ತಾಯಿತು. ಐದು ವರ್ಷ ಕೂಡಿ ಬಾಳಿದ ಮೊಲಗಳನ್ನು ಯಾರಾದರೂ ತೊಟ್ಟಿಗೆ ಇಳಿಸುತ್ತಾರೆಯೇ? ಪರಿಚಯವಿಲ್ಲದವರನ್ನು ಮಾತ್ರ ಅಲ್ಲಿ ಕೂರಿಸುವುದು. ಡಾಲಿಗೂ ಮೇಜರ್‌ಗೂ ನಾನು ಅಲ್ಲೇ ಕೂತು ಪರಿಚಯ ಮಾಡಿಸಿದ್ದೆ. ನೀನು ಸ್ನಾನಕ್ಕೆ ಜಾಗವಿಲ್ಲವೆಂದು ವಾರವಿಡೀ ಗೊಣಗಿದ್ದೆ, ಅದನ್ನೂ ಮರೆತೆಯಾ?

ಆ ಮಂಗಳವಾರ ಗೋಡೆಗೆ ಮುಖ ಮಾಡಿ ಅತ್ತೆ. ಸಿಸ್ಟರ್ ಬಂದು ಮಂಚದ ಮೇಲೆ ಕೂತಳು. "ಏನಾಯ್ತು ಓಲಿವ್?" ಎಂದಳು. "ನಮ್ಮನೇಲಿ ಯಾರೋ ಸತ್ತಿದಾರೆ, ನನ್ ಗಂಡ ಹೇಳ್ತಿಲ್ಲ" ಎಂದೆ. ಮಾರನೇ ದಿನ ಒಂಬತ್ತು ಮೆಟ್ಟಿಲು ಹತ್ತಿದ್ದು ಡಾಲಿಯ ಮೇಲಿನ ಪ್ರೀತಿಗಲ್ಲ, ನಿನ್ನ ಮೇಲಿನ ಸಿಟ್ಟಿಗೆ. ಮನೆಗೆ ಬಂದು ನಿನ್ನ ಕಿವಿ ಹಿಂಡಬೇಕಿತ್ತು. ಮತ್ತೆ ಅದೇ ಮಾಡಿದನಲ್ಲ, ಮತ್ತೆ ನನ್ನ ಕಣ್ಣು ತಪ್ಪಿಸಿ ಒಯ್ದನಲ್ಲ ಎಂದು ಒಂದೊಂದು ಮೆಟ್ಟಿಲಿಗೂ ಬೈದುಕೊಂಡೆ.

ಆದರೆ ಈ ಸಲ ನೀನು ಹೇಳಿದೆ. ತಡವಾಗಿಯಾದರೂ ನೀನಾಗಿಯೇ ಹೇಳಿದೆ. ನಿನ್ನ ಕಾಗದ ಓದಿದ ಮೇಲೆ ಎದೆಯ ಮೇಲಿಂದ ಯಾರೋ ಎದ್ದು ಹೋದ ಹಾಗಾಯಿತು. ಮಧ್ಯಾಹ್ನ ಊಟವನ್ನೆಲ್ಲ ತಿಂದೆ, ಆ ನೀರು ನೀರಾದ ಪುಡಿಂಗನ್ನೂ ಬಿಡಲಿಲ್ಲ.

ಎರಡು ಮಾತು. ಡಾಲಿಯ ಕಂಬಳಿ ಎಲ್ಲಿದೆ? ತೊಳೆಯಬೇಡ. ಮೇಜರ್ ಮೂಸುವುದಿದ್ದರೆ ಮೂಸಲಿ, ಆಮೇಲೆ ನನಗೆ ಅಂಚೆಯಲ್ಲಿ ಕಳಿಸು. ಈ ಸಲ ಹಿಡಿದುಕೊಳ್ಳಲು ನನಗೆ ಏನಾದರೂ ಬೇಕು.

ಎರಡನೆಯದು. ಐವತ್ತಾರರಲ್ಲಿ ನೀನು ಅವಳನ್ನು ನೋಡಿದೆಯಾ? ಹೆಣ್ಣು ಎಂದು ದಾದಿ ಹೇಳಿದ್ದಳು, ಅಷ್ಟೇ ಗೊತ್ತು. ಕೂದಲಿತ್ತೇ?

ಓಲಿವ್


ಸೋಮವಾರ, 15 ಮಾರ್ಚ್

ಓಲಿವ್,

ಕೂದಲಿತ್ತು. ಕಪ್ಪು ಕೂದಲು, ತಲೆ ತುಂಬ, ನಿಮ್ಮಪ್ಪನ ಹಾಗೆ. ಎಡಗಿವಿಯ ಮೇಲ್ತುದಿ ನಿನ್ನದರ ಹಾಗೇ ಸ್ವಲ್ಪ ಮಡಚಿತ್ತು.

ಆಸ್ಪತ್ರೆಯ ಆಳು ಅವಳನ್ನು ಎತ್ತಿಕೊಂಡು ಹೋಗುತ್ತಿದ್ದ. ನಾನು ಹಿಂದೆಯೇ ಹೋದೆ. ಅವನು ತಿರುಗಿ ನೋಡಿ, "ಒಂದ್ಸಲ ಎತ್ಕೋತೀರಾ ಯಜಮಾನ್ರೇ? ಯಾರಿಗೂ ಹೇಳಲ್ಲ ಬಿಡಿ" ಎಂದ. ಎತ್ತಿಕೊಂಡೆ. ಆಗಿನ ಪದ್ಧತಿಯಂತೆ ಅವಳನ್ನು ಅವತ್ತು ತೀರಿಕೊಂಡಿದ್ದ ಒಬ್ಬ ಮುದುಕಿಯ ಪೆಟ್ಟಿಗೆಯಲ್ಲೇ ಮಲಗಿಸಿದರು. ಬೆಟ್ಟದ ಸ್ಮಶಾನದಲ್ಲಿ, ಮೇಲಿನ ಗೋಡೆಯ ಪಕ್ಕ. ಮುದುಕಿಯ ಹೆಸರು ಹ್ಯಾನಾ ಗ್ರೀನ್‌ಹಾಲ್ಗ್, ಎಂಬತ್ತೆರಡು ವರ್ಷ. ಒಂಬತ್ತು ಮಕ್ಕಳನ್ನು ಸಾಕಿದವಳಂತೆ, ಕಲ್ಲಿನ ಮೇಲೆ ಬರೆದಿದೆ. ನಮ್ಮದು ಒಳ್ಳೆಯವರ ಕೈಗೇ ಸಿಕ್ಕಿತು ಎಂದು ನಾನು ಅಂದುಕೊಂಡಿದ್ದೇನೆ.

ಪ್ರತಿ ಜೂನ್ ಹದಿನಾಲ್ಕಕ್ಕೆ ಅಲ್ಲಿಗೆ ಹೋಗುತ್ತೇನೆ. ಮೊದಲ ಆಲೂಗಡ್ಡೆ ಅಗೆಯಲು ತೋಟಕ್ಕೆ ಹೋಗುತ್ತೇನೆಂದು ನಿನಗೆ ಹೇಳುತ್ತಿದ್ದೆ.

ಬರೆದುಬಿಟ್ಟೆ.

ಕಂಬಳಿ ಈ ಪೊಟ್ಟಣದಲ್ಲಿದೆ. ಮೇಜರ್ ಒಂದು ಹಗಲು ಪೂರ್ತಿ ಅದರ ಮೇಲೆ ಮಲಗಿದ್ದ, ಮೂಲೆಯನ್ನು ಒದ್ದೆಯಾಗುವವರೆಗೆ ನೆಕ್ಕಿದ. ಸಂಜೆ ಎದ್ದು ಮೈ ಕೊಡವಿಕೊಂಡು ಹೋಗಿ ತಾನಾಗಿಯೇ ಹುಲ್ಲು ತಿಂದ. ಆಮೇಲೆ ಬಾಗಿಲ ಕಡೆ ಹೋಗಿಲ್ಲ. ನಿನ್ನೆ ಅವನೂ ಅವಳೂ ಬಲೆಯ ಆಚೆ ಈಚೆ ಬೆನ್ನು ಕೂಡಿಸಿ ಮಲಗಿದ್ದರು. ಇವತ್ತು ತೊಟ್ಟಿಗೆ ಇಳಿಸಿದೆ. ಅವಳು ನೆಟ್ಟಗೆ ಹೋಗಿ ಅವನ ಮೂಗಿನ ಕೆಳಗೆ ತಲೆ ಬಗ್ಗಿಸಿ ಕೂತಳು, ನೆಕ್ಕು ಎಂದು ಅಪ್ಪಣೆ ಕೊಟ್ಟ ಹಾಗೆ. ಅವನು ಸುಮಾರು ಹೊತ್ತು ಆಕಡೆ ಈಕಡೆ ನೋಡಿದ. ಹಣೆ ನೆಕ್ಕಿದ, ಓಲಿವ್! ಒಂದು ಸಲ, ಆಮೇಲೆ ಬಿಡದೆ ಹತ್ತು ಸಲ. ನಾನು ತೊಟ್ಟಿಯ ಅಂಚಿನಲ್ಲಿ ಕೂತು ಮಗುವಿನ ಹಾಗೆ ಅತ್ತೆ. ಕಾಲು ಮರಗಟ್ಟಿ ಏಳಲು ಆಗಲಿಲ್ಲ.

ಅವಳಿಗೆ ಇನ್ನೂ ಹೆಸರಿಟ್ಟಿಲ್ಲ. ಅದು ನಿನ್ನ ಕೆಲಸ. ಭಾನುವಾರ ಹನ್ನೊಂದರ ರೈಲಿಗೆ ಬರುತ್ತೇನೆ.

ನಿನ್ನ
ಸಿರಿಲ್


ಸೋಮವಾರ, 29 ಮಾರ್ಚ್

ಪ್ರೀತಿಯ ಸಿರಿಲ್,

ಹದಿನಾಲ್ಕು! ಹತ್ತಿದೆ, ಇಳಿದೆ. ಸಿಸ್ಟರ್ ಚಪ್ಪಾಳೆ ತಟ್ಟಿದಳು. "ಈ ಹಳೇ ಕಂಬ್ಳಿ ಹೆಗಲ ಮೇಲೆ ಹಾಕ್ಕೊಂಡೇ ಹತ್ಬೇಕಾ ಓಲಿವ್? ಮೊಲದ್ ವಾಸ್ನೆ ಹೊಡೀತಿದೆ" ಎಂದಳು. "ಹೌದು, ಹಾಕ್ಕೊಂಡೇ ಹತ್ಬೇಕು" ಎಂದೆ. ನಾಳೆ ಗಾಡಿ ಇಲ್ಲವಂತೆ, ಗುರುವಾರ ಬೆಳಿಗ್ಗೆ ಕಳಿಸುತ್ತಾರೆ. ಹಿತ್ತಲ ಮೆಟ್ಟಿಲ ಮೇಲೆ ಜಾರದ ಹಾಗೆ ಬೂದಿ ಚೆಲ್ಲಿರು, ಇನ್ನೊಂದು ಸೊಂಟ ಮುರಿಯಲು ನನಗೆ ಪುರುಸೊತ್ತಿಲ್ಲ.

ನಿನ್ನೆಯೂ ಅದರ ಹಿಂದಿನ ಭಾನುವಾರವೂ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಪರವಾಗಿಲ್ಲ. ನೀನು ಕಿತ್ತಳೆ ಸುಲಿದೆ, ನಾನು ತಿಂದೆ.

ಹೊಸಬಳಿಗೆ ಹ್ಯಾನಾ ಎಂದು ಹೆಸರಿಡೋಣವೇ? ನಮ್ಮ ಮಗುವನ್ನು ಇಷ್ಟು ವರ್ಷ ನೋಡಿಕೊಂಡ ಮುದುಕಿ ಬೇಡವೆನ್ನಲಾರಳು. ಮಿಸ್ ಕ್ಲೆಗ್‌ಗೆ ಬರೆದಿದ್ದೆ, ನಿನ್ನ ಪಾಲಿಶ್ ಕಥೆಯನ್ನೂ ತನ್ನ ನಿಯಮಗಳನ್ನೂ ಎಲ್ಲ ಬರೆದಳು, ಒಂದು ಭಾನುವಾರ ಚಹಾಕ್ಕೆ ಬರುತ್ತಾಳಂತೆ. ಪಾಲಿಶ್ ಡಬ್ಬಿಯನ್ನು ಅಡಗಿಸಿಡು.

ಆಲೂಗಡ್ಡೆಯ ವಿಷಯ. ಪ್ರತಿ ಜೂನ್ ಹದಿನಾಲ್ಕಕ್ಕೂ ನೀನು ಮಣ್ಣಿಲ್ಲದ ಬೂಟಿನಲ್ಲಿ, ಬರಿಗೈಯಲ್ಲಿ ಬರುತ್ತಿದ್ದೆ. ಎಲ್ಲಿಗೆ ಹೋಗಿದ್ದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಮತ್ತೆ ಬಿಸಿಲು ಚೆನ್ನಾಗಿದೆ ಎಂದುಬಿಡುತ್ತೀಯೆಂದು ಹೆದರಿಕೆ. ನನ್ನ ತಪ್ಪೂ ಇದೆ.

ಮಿಸ್ ಕ್ಲೆಗ್‌ನ ನಿಯಮವೇ ಸರಿ, ಜೋಡಿಯಾದ ಮೇಲೆ ಒಬ್ಬರೇ ಹೋಗುವುದು ಬೇಡ. ಈ ಜೂನಿನಲ್ಲಿ ಇಬ್ಬರೂ ಹೋಗೋಣ. ಮೇಲಿನ ಗೋಡೆಯವರೆಗೆ ನಾನು ನಡೆಯುತ್ತೇನೆ, ಎಷ್ಟು ಹೊತ್ತಾದರೂ ಸರಿ. ಬರುವಾಗ ತೋಟಕ್ಕೆ ಹೋಗಿ ಆಲೂಗಡ್ಡೆಯನ್ನು ನಿಜವಾಗಿಯೂ ಅಗೆದುಕೊಂಡು ಬರೋಣ.

ನಿನ್ನ
ಓಲಿವ್